ಹರಡು ಮುರದೈತಿ, ಪ್ಲೇಟ್ ಜೊತಿ ದುರ್ಬೀನ್ ಆಪರೇಷನ್ನೂ ಬೇಕೇನ್ರಿ?

ಜಮಖಂಡಿ ಹುಡುಗ:
ನಮಸ್ಕಾರ್ರಿ, ನಾಕು ದಿನದ ಹಿಂದ ನಮ್ಮಪ್ಪಾರು (58 ವರ್ಷ) ಕಬ್ಬಿಗೆ ನೀರ ಬಿಡಾಕ ಹೋಗಿ ಬದುವಿನ ಮ್ಯಾಲಿಂದ ಜಾರಿ ಬಿದ್ದು ಬಲಗಾಲ ಹರಡಿನಾಗ ಎರಡೂ ಕಡೆ ಎಲುಬು ಮುರಕೊಂಡಾರ, ಕೀಲು ಜರಗಿತ್ತು, ಅವತ್ತ ರಾತ್ರಿನ ಎಳದು ಕೂಡಿಸಿ ಸ್ಲ್ಯಾಬ್ (ಅರ್ಧ ಪ್ಲಾಸ್ಟರ್) ಹಾಕ್ಯಾರ. ವಿಜಯಪುರದಾಗ ತೋರಿಸಿದ್ವಿ, ಬಾವು ಇಳದ ಮ್ಯಾಲ ಪ್ಲೇಟ್ ಹಾಕ್ತೀವಿ, ಜೊತಿಗೆ ಆರ್ಥ್ರೋಸ್ಕೋಪಿ (ಕೀಲಿನೊಳಗ ದುರ್ಬೀನ್ ಹಾಕೋದು) ಮಾಡಿ ಒಳಗ ನೋಡ್ತೀವಿ ಅಂದ್ರು. ಎಕ್ಸ್‌ರೇ, ಸಿಟಿ ಎರಡೂ ಆಗ್ಯಾವ, ಮತ್ತ ದುರ್ಬೀನ್ ಯಾಕ್ರಿ? ನಮ್ಮ ಕಾಕಾ ಅಂತೂ ಎಲ್ಲಾ ಬ್ಯಾಡ, ಎಲುಬು ಕಟ್ಟೋರ ಹತ್ರ ಹೋಗೂಣು ಅಂತಾರ.

ಆರ್ಥೋ ಪಿಜಿ, ಬೆಳಗಾವಿ:
ಕಟ್ಟಸಾಕ ಹೋಗಬ್ಯಾಡ್ರಿ, ಜರಗಿದ ಕೀಲು ಅದು, ಕೂದಲೆಳಿ ಸೊಟ್ಟ ಕುಂತ್ರೂ ಮುಂದ ಸವದು ಹೋಗತೈತಿ.

ಎಕ್ಸ್‌ರೇದಾಗ ಎಲುಬು ಕಾಣತೈತಿ, ಕಾರ್ಟಿಲೇಜ್ ಕಾಣಂಗಿಲ್ಲ. ಕೀಲಿನಾಗ ಕೆಳಗಿರೋ ಟೇಲಸ್ ಎಲುಬಿನ ಮ್ಯಾಲ ಈ ಕಾರ್ಟಿಲೇಜಿನ ನುಣ್ಣನ ಹೊದಿಕಿ ಇರತೈತಿ, ಕೀಲು ಜರಗಿದಾಗ ಅದು ಕೆತ್ತಿ ಹೋಗಿ ಚೂರು ಒಳಗ ಉಳಿದಿರಬಹುದು, ಬರೇ ಕಾರ್ಟಿಲೇಜಿನ ಚೂರಾದ್ರ ಸಿಟಿದಾಗೂ ತಪ್ಪಿಸ್ಕೊತೈತಿ. ಅದಕ್ಕ ರಕ್ತನಾಳ ಇಲ್ಲ, ಎಲುಬಿನಂಗ ತಾನ ಕೂಡಂಗಿಲ್ಲ. ಹರಡಿನ ಮುಂದ ಎರಡು ಸಣ್ಣ ತೂತು ಮಾಡಿ 2.7 ಇಲ್ಲಾ 4 ಮಿಮೀ ದಪ್ಪನ ಸ್ಕೋಪ್ (ದುರ್ಬೀನ್) ಹಾಕಿ, ನೀರ ಹಾಯಿಸಿ ಚೂರು ತೆಗೀತಾರ, ಮೊಣಕಾಲ ಕೆಳಗಿನ ಎರಡು ಎಲುಬು (ಟಿಬಿಯಾ, ಫಿಬುಲಾ) ಹಿಡದಿಡೋ ಲಿಗಮೆಂಟ್ ಸಡಿಲ ಆಗೈತೇನು ಅಂತನೂ ಕಣ್ಣಾರೆ ನೋಡ್ತಾರ. ಪ್ಲೇಟ್ ಅಂತೂ ಬೇಕ ಬೇಕು, ಇದು ಅದಕ್ಕ ಬದಲಿ ಅಲ್ಲ.

ಹಂಗಂತ ಮುರದೋರಿಗೆಲ್ಲಾ ಬೇಕು ಅಂತ ನಾ ಹೇಳಂಗಿಲ್ಲ. 2001ರಾಗ ಪ್ರಿಂಟ್ ಆದ ಒಂದ ಟ್ರಯಲ್‌ದಾಗ 19 ಪೇಷಂಟ್ ಇದ್ರು, ಸ್ಕೋಪ್ ಮಾಡಿಸಿದೋರಿಗೂ ಬಿಟ್ಟೋರಿಗೂ ಫರಕ ಕಾಣಲಿಲ್ಲ, ಆದ್ರ ಅಷ್ಟ ಸಣ್ಣ ಗುಂಪಿನ ಮ್ಯಾಲ ತೀರ್ಮಾನ ಕಷ್ಟ. ನಿಮ್ಮಪ್ಪಾರದು ಜರಗಿದ್ದಕ್ಕ ಡಾಕ್ಟರು ಹೇಳಿದ್ರಾಗ ಅರ್ಥ ಐತಿ ಅನಸತೈತಿ. ಸಿಟಿದಾಗ ಚೂರು ಕಂಡೈತೇನು, ಒಳಗ ಏನರ ಸಿಕ್ರ ಏನ ಮಾಡ್ತೀರಿ ಅಂತ ಕೇಳ್ರಿ, ಬಿಡಿಸಿ ಹೇಳ್ತಾರ.

ನವನಗರ ಅಕ್ಕ, ಬಾಗಲಕೋಟೆ:
ನಾ ಸ್ಕೂಟಿಯಿಂದ ಬಿದ್ದಾಗ ಬರೇ ಪ್ಲೇಟ್ ಹಾಕಿದ್ರು, ಎಲುಬು ಚಲೋ ಕೂಡಿತು, ಆದ್ರ ಮೆಟ್ಟಲ ಇಳಿಯೋವಾಗ ಹರಡಿನ ಮುಂದ ಚುಚ್ಚತಿತ್ತು. ವರ್ಷದ ಮ್ಯಾಲ ದುರ್ಬೀನ್ ಹಾಕಿ ಒಳಗ ಬೆಳದ ಗಾಯದ ಮಾಂಸ ಕೆರದು ತೆಗದ್ರು, ಈಗ ಆರಾಮ ಅದೀನಿ. ಪಾದದ ಮ್ಯಾಲ ಜೋಮು ಹಿಡದಂಗ ಮೂರು ತಿಂಗಳ ಇತ್ತ ನೋಡ್ರಿ.

ಆರ್ಥೋ ಪಿಜಿ, ಬೆಳಗಾವಿ:
ಅಕ್ಕಾರ ಹೇಳಿದ ಜೋಮು ತೂತಿನ ಹತ್ರ ಹಾಯೋ ನರದ್ದು, ಅದು ಗೊತ್ತಿರೋ ತೊಂದ್ರಿ, ಮೊದಲ ಕೇಳಿಟ್ಕೋರಿ. ಆಪರೇಷನ್ ಆಗೋತನ ಕಾಲು ದಿಂಬಿನ ಮ್ಯಾಲ ಎತ್ತರಕ್ಕ ಇಡ್ರಿ, ಚರ್ಮ ಸುಕ್ಕು ಬಿದ್ದ ಮ್ಯಾಲನ ಕೊಯ್ಯೋದು, ವಾರ ಹತ್ತ ದಿನ ಹಿಡೀಬಹುದು. ಎಣ್ಣಿ ತಿಕ್ಕಬ್ಯಾಡ್ರಿ, ಬೀಡಿ ಸೇದತಿದ್ರ ಇವತ್ತ ಬಿಡಸ್ರಿ.

ಜಮಖಂಡಿ ಹುಡುಗ:
ಬೀಡಿ ಸೇದ್ತಾರ್ರಿ, ಈಗ ಹೋಗಿ ಕಟ್ಟು ಕಸಗೊಂಡೆ. ಫೋನ್ ಹಚ್ಚಿ ಕೇಳಿದೆ, ಸಿಟಿದಾಗ ಟೇಲಸ್ ಮೂಲಿಗೆ ಸಣ್ಣ ಚೂರು ಎದ್ದಂಗ ಕಾಣತೈತಂತ. ಮಾಡಸ್ತೀವ್ರಿ.