ಕಪ್ಪು ಕಾಟನ್ ಟೀ ಶರ್ಟ್ ಮೇಲೆ ಮಲ್ಟಿಕಲರ್ ಲೋಗೋ, ಬಿಳಿ ಬೇಸ್ ಅಂಚಲ್ಲಿ ಇಣುಕ್ತಾ ಇದೆ, ಏನ್ ಮಾಡ್ಲಿ?

ಹೊಸಫ್ರೇಮ್:
ಎಲ್ರಿಗೂ ನಮಸ್ಕಾರ. ಸ್ಕ್ರೀನ್ ಪ್ರಿಂಟಿಂಗ್ ಮಾಡ್ತಿದೀನಿ. ಕಪ್ಪು ಟೀ ಶರ್ಟು, 100% ಕಾಟನ್, ಎದೆ ಮೇಲೆ ಅಂಗೈ ಅಗಲದ ಲೋಗೋ. ಬಣ್ಣ ಬಿಳಿ, ಹಳದಿ, ಕೆಂಪು, ಆಕಾಶ ನೀಲಿ, ಸುತ್ತ ಕಪ್ಪು ಔಟ್‌ಲೈನ್. ಇಂಕು ಪ್ಲಾಸ್ಟಿಸಾಲ್ (ಬಿಸಿ ಮಾಡಿದ್ರೆ ಮಾತ್ರ ಗಟ್ಟಿಯಾಗೋ ಪ್ಲಾಸ್ಟಿಕ್ ಇಂಕು), ಪ್ರೆಸ್ಸು ಕೈಯಲ್ಲಿ ತಿರುಗಿಸೋ ನಾಲ್ಕು ಕಲರ್ದು.

ಮೊದ್ಲು ಹಳದೀನ ಸೀದಾ ಬಟ್ಟೆ ಮೇಲೆ ಎಳೆದ್ರೆ ಪಾಚಿ ಹಸಿರು ಥರ ಕಾಣ್ತಿತ್ತು, ಕೆಂಪು ಕಂದು ಆಗ್ತಿತ್ತು. ಕೆಳಗೆ ಬಿಳಿ ಬೇಸ್ ಹಾಕಿ ಅಂದ್ರು, ಹಾಕ್ದೆ, ಬಣ್ಣ ಏನೋ ಎದ್ದು ಬಂತು ಆದ್ರೆ ಈಗ ಬಣ್ಣದ ಅಂಚಲ್ಲಿ ಬಿಳಿ ಗೆರೆ ಇಣುಕುತ್ತೆ, ಕೆಲವು ಶರ್ಟಲ್ಲಿ ಎಡಗಡೆ, ಕೆಲವದ್ರಲ್ಲಿ ಕೆಳಗಡೆ, ಕೆಲವು ಸರಿಯಾಗೇ ಬರುತ್ತೆ. ಬೆಳಗ್ಗೆ ಶುರು ಮಾಡಿದಾಗ ಚೆನ್ನಾಗಿರುತ್ತೆ, ಹೋಗ್ತಾ ಹೋಗ್ತಾ ಕೆಡುತ್ತೆ. ಪ್ರಿಂಟ್ ಬೇರೆ ಎದೆಗೆ ರಟ್ಟು ಅಂಟಿಸಿದ ಹಾಗೆ ಗಟ್ಟಿ. ಮೆಶ್ (ಸ್ಕ್ರೀನಿನ ಬಲೆ) ಎಲ್ಲದಕ್ಕೂ 43ಟಿ, ಅಂದ್ರೆ ಸೆಂಟಿಮೀಟರಿಗೆ 43 ಎಳೆ. ಬೇಸ್ ಸೇರಿ ಐದು ಸ್ಕ್ರೀನ್ ಬೇಕು, ಇರೋದು ನಾಲ್ಕೇ ತಲೆ (ಸ್ಕ್ರೀನ್ ಕೂರಿಸೋ ತೋಳು), ಅದಕ್ಕೆ ಕಪ್ಪನ್ನ ಕೊನೇಲಿ ಬೇರೆಯಾಗಿ ಸೆಟ್ ಮಾಡಿ ಹೊಡೀತಿದೀನಿ. ದೊಡ್ಡ ಪ್ರೆಸ್ ತಗೊಳ್ದೆ ಬೇರೆ ದಾರಿ ಇಲ್ವಾ?

ಸ್ಕ್ವೀಜಿಹಿಡಿದವ:
ಪ್ರೆಸ್ ತಗೋಬೇಡಿ, ನಿಮಗೆ ಐದನೇ ಸ್ಕ್ರೀನೇ ಬೇಡ. ಶರ್ಟ್ ಕಪ್ಪು, ಔಟ್‌ಲೈನ್ ಕಪ್ಪು, ಮತ್ತೆ ಕಪ್ಪು ಇಂಕ್ ಯಾಕೆ? ಆ ಗೆರೆ ಇರೋ ಜಾಗಾನ ಎಲ್ಲಾ ಫಿಲ್ಮಲ್ಲೂ (ಸ್ಕ್ರೀನ್ ಮಾಡೋಕೆ ಬಳಸೋ ಡಿಸೈನ್ ಹಾಳೆ) ಖಾಲಿ ಬಿಡಿ, ಬಟ್ಟೇನೇ ಗೆರೆ ಆಗುತ್ತೆ. ಬಿಳಿ ಅನ್ನೋ ಬಣ್ಣಾನೂ ಬೇರೆ ಬೇಡ, ಬೇಸೇ ಬಿಳಿ. ಅಲ್ಲಿಗೆ ಬೇಸ್, ಹಳದಿ, ಕೆಂಪು, ನೀಲಿ, ನಾಲ್ಕೇ ಆಯ್ತು. ಇದು ದುಡ್ಡು ಉಳಿಸೋ ಉಪಾಯ ಮಾತ್ರ ಅಲ್ಲ, ಬಣ್ಣ ಬಣ್ಣದ ನಡುವೆ ಬಟ್ಟೆ ಕಾಣೋ ಗ್ಯಾಪ್ ಇದ್ರೆ ಒಂದು ಕೂದಲೆಳೆ ಆಚೀಚೆ ಆದ್ರೂ ಯಾರಿಗೂ ಗೊತ್ತಾಗಲ್ಲ. ಆದ್ರೆ ಒಂದು ನೋಡ್ಕೊಳ್ಳಿ, ಪ್ಲಾಸ್ಟಿಸಾಲ್ ಒತ್ತಿದಾಗ ಸ್ವಲ್ಪ ಹರಡುತ್ತೆ, ಗೆರೆ ತೀರಾ ಸಣ್ಣ ಇದ್ರೆ ಎರಡು ಕಡೆ ಇಂಕೂ ಒಳಗೆ ಬಂದು ಮುಚ್ಕೊಂಡು ಬಿಡುತ್ತೆ, ಹಾಗಾಗಿ ಆರ್ಟ್‌ವರ್ಕಲ್ಲೇ ಆ ಗೆರೇನ ಸ್ವಲ್ಪ ದಪ್ಪ ಮಾಡಿ.

ಈಗ ಇಣುಕೋ ಬಿಳಿ ವಿಷಯ. ಪ್ರತಿ ಶರ್ಟಲ್ಲೂ ಒಂದೇ ಕಡೆ ಇಣುಕಿದ್ರೆ ಅದು ಸೆಟ್ಟಿಂಗ್ ತಪ್ಪು, ಸ್ಕ್ರೀನ್ ಜರುಗಿಸಿದ್ರೆ ಮುಗೀತು. ನಿಮ್ಮದು ಒಂದ್ಸಲ ಎಡಕ್ಕೆ ಒಂದ್ಸಲ ಕೆಳಕ್ಕೆ ಅಂತೀರ, ಅಂದ್ರೆ ಅಲ್ಲಾಡ್ತಿರೋದು ಶರ್ಟು. ಎರಡು ಕಾರಣ ಇರುತ್ತೆ. ಒಂದು, ಪ್ಯಾಲೆಟ್ (ಶರ್ಟ್ ಹಾಕೋ ಹಲಗೆ) ಮೇಲಿನ ಗಮ್ ಸತ್ತಿದೆ, ಹತ್ತಿಯ ನಾರು ಜೂಲು ಎಲ್ಲ ಕೂತು ಹಿಡಿತ ಹೋಗಿದೆ, ಸ್ಕ್ರೀನ್ ಎತ್ತುವಾಗ ಬಟ್ಟೇನೂ ಜೊತೆಗೆ ಏಳುತ್ತೆ. ಇನ್ನೊಂದು ಬಹಳ ಜನ ಯೋಚ್ನೆ ಮಾಡಲ್ಲ, ಕಾಟನ್ನಲ್ಲಿ ತೇವ ಇರುತ್ತೆ, ಫ್ಲಾಶ್ (ಇಂಕ್ ಒಣಗಿಸೋ ಹೀಟರ್) ಕೆಳಗೆ ಹೋದ ತಕ್ಷಣ ಆ ತೇವ ಆರಿ ಬಟ್ಟೆ ಕುಗ್ಗುತ್ತೆ, ನೀವು ಕುಗ್ಗೋಕೆ ಮುಂಚೆ ಬೇಸ್ ಹಾಕಿ ಕುಗ್ಗಿದ ಮೇಲೆ ಹಳದಿ ಹಾಕ್ತಿದೀರ, ಎಲ್ಲಿಂದ ಕೂತ್ಕೊಳ್ಳುತ್ತೆ? ಅದಕ್ಕೆ ಶರ್ಟ್ ಹಾಕಿ ಅಂಗೈಯಲ್ಲಿ ಚೆನ್ನಾಗಿ ಒತ್ತಿ, ಇಂಕ್ ಹಾಕೋಕೆ ಮೊದ್ಲೇ ಒಂದೆರಡು ಸೆಕೆಂಡ್ ಖಾಲಿ ಶರ್ಟ್‌ನ ಫ್ಲಾಶ್ ಕೆಳಗೆ ಹಿಡೀರಿ, ಆಮೇಲೆ ಬೇಸ್ ಹಾಕಿ. ಪ್ಯಾಲೆಟ್‌ಗಳನ್ನೂ ಕೆಲಸ ಶುರು ಮಾಡೋ ಮುಂಚೆ ಬಿಸಿ ಮಾಡ್ಕೊಳ್ಳಿ, ತಣ್ಣಗಿರೋ ಪ್ಯಾಲೆಟಲ್ಲಿ ಸೆಟ್ ಮಾಡಿ ಬಿಸಿ ಪ್ಯಾಲೆಟಲ್ಲಿ ಪ್ರಿಂಟ್ ಮಾಡಿದ್ರೆ ಹೀಗೇ ಬೆಳಗ್ಗೆ ಚೆನ್ನಾಗಿದ್ದಿದ್ದು ಮಧ್ಯಾಹ್ನ ಕೆಡೋದು.

ಇದೆಲ್ಲ ಮಾಡಿದ್ರೂ ಫಿಲ್ಮಲ್ಲಿ ಚೋಕ್ ಕೊಡ್ಲೇಬೇಕು. ಬೇಸ್‌ನ ಮೇಲಿನ ಬಣ್ಣಕ್ಕಿಂತ ಸುತ್ತಲೂ 0.2 ರಿಂದ 0.3 ಮಿಲಿಮೀಟರ್ ಒಳಗೆ ತಗೊಳ್ಳಿ. ಬಿಳಿಯಾಗೇ ಉಳಿಯೋ ಭಾಗಕ್ಕೆ ಚೋಕ್ ಬೇಡ, ಕೆಂಪು ಹಳದಿ ಒಂದಕ್ಕೊಂದು ತಾಗೋ ಕಡೆ ಕೆಳಗಿನ ಬೇಸ್ ಕಟ್ ಮಾಡ್ಬೇಡಿ, ಹೊರ ಅಂಚಿಗೆ ಮಾತ್ರ.

ಮೆಶ್ ಎಲ್ಲದಕ್ಕೂ 43ಟಿ ಇಟ್ಟಿದ್ದಕ್ಕೇ ರಟ್ಟಾಗಿರೋದು. ಬೇಸ್‌ಗೆ 43 ಅಥವಾ 55 ಸರಿ, ಮೇಲಿನ ಬಣ್ಣಗಳಿಗೆ 77 ಇಲ್ಲಾ 90ಟಿ ಹಾಕಿ. ಕೆಳಗೆ ಬಿಳಿ ಇದ್ಮೇಲೆ ಮೇಲಿನ ಬಣ್ಣಕ್ಕೆ ದಪ್ಪ ಬೇಕಾಗೇ ಇಲ್ಲ.

ನೀರಿನಬಣ್ಣ:
ಗುರು ಇವರು ಹೇಳಿದ್ದೆಲ್ಲ ಸರಿ, ಆದ್ರೆ 100% ಕಾಟನ್ ಅಂತಿದಾರಲ್ಲ, ಪ್ಲಾಸ್ಟಿಸಾಲ್ ಬೇಸ್ ಗೋಜೇ ಬಿಟ್ಟು ಡಿಸ್ಚಾರ್ಜ್ ಯಾಕೆ ನೋಡ್ಬಾರ್ದು? ಇದು ಬಣ್ಣದ ಮೇಲೆ ಬಣ್ಣ ಕೂರಿಸೋದಲ್ಲ, ಶರ್ಟಿನ ಡೈನೇ ತೆಗೆದು ಆ ಜಾಗದಲ್ಲಿ ನಮ್ಮ ಪಿಗ್ಮೆಂಟ್ ಕೂರಿಸೋದು. ಬಿಸಿ ತಾಗಿದಾಗ ಕೆಲಸ ಶುರು ಆಗುತ್ತೆ, ಡ್ರೈಯರಿಂದ ಹೊರಗೆ ಬಂದು ಒಂದ್ಸಲ ಒಗೆದ ಮೇಲೆ ಕೈಗೆ ಪ್ರಿಂಟ್ ಇದೆ ಅಂತಾನೇ ಗೊತ್ತಾಗಲ್ಲ ಅಷ್ಟು ಮೃದು. ಬೇಸೇ ಇಲ್ದಿದ್ರೆ ಇಣುಕೋದು ಯಾವುದು?

ಎಚ್ಚರಿಕೆ ಕೂಡ ಹೇಳ್ತೀನಿ. ಇಂಕಿಗೆ ಕಲಸೋ ಆಕ್ಟಿವೇಟರ್‌ನಲ್ಲಿ ಇರೋದು ಜಿಂಕ್ ಫಾರ್ಮಾಲ್ಡಿಹೈಡ್ ಸಲ್ಫಾಕ್ಸಿಲೇಟ್, ಕ್ಯೂರ್ ಆಗುವಾಗ (ಬಿಸಿಯಲ್ಲಿ ಇಂಕ್ ಪೂರ್ತಿ ಗಟ್ಟಿಯಾಗಿ ಕೂರುವಾಗ) ವಾಸನೆನೂ ಫಾರ್ಮಾಲ್ಡಿಹೈಡೂ ಎರಡೂ ಬರುತ್ತೆ, ಗಾಳಿ ಹೊರಗೆ ಎಳೆಯೋ ವ್ಯವಸ್ಥೆ ಇಲ್ದೆ ಮುಚ್ಚಿದ ರೂಮಲ್ಲಿ ಮುಟ್ಟಲೇಬೇಡಿ. ಕಲಸಿದ ಮೇಲೆ ಕೆಲವೇ ಗಂಟೆ ಬಾಳಿಕೆ, ನಾಳೆಗೆ ಅಂತ ಇಡೋಕಾಗಲ್ಲ. ಎಮಲ್ಷನ್ನೂ (ಸ್ಕ್ರೀನ್ ಮೇಲೆ ಬಳಿಯೋ ಲೇಪ) ನೀರಿಗೆ ತಡೆಯೋದೇ ಬೇಕು, ಇಲ್ಲಾಂದ್ರೆ ಅರ್ಧ ಕೆಲಸದಲ್ಲಿ ಸ್ಕ್ರೀನ್ ಕರಗಿ ಪಿನ್‌ಹೋಲ್ ಶುರು ಆಗುತ್ತೆ.

ಸ್ಕ್ವೀಜಿಹಿಡಿದವ:
ಡಿಸ್ಚಾರ್ಜ್ ನನಗೂ ಇಷ್ಟಾನೇ, ಆದ್ರೆ ಲೋಗೋಗೆ ನಾನು ಬೇಡ ಅಂತೀನಿ. ಲೋಗೋ ಅಂದ್ರೆ ಬಣ್ಣ ಎಲ್ಲಾ ಶರ್ಟಲ್ಲೂ ಒಂದೇ ಥರ ಬರ್ಬೇಕು. ಡಿಸ್ಚಾರ್ಜ್ ಎಷ್ಟು ಬಿಳಿಯಾಗುತ್ತೆ ಅನ್ನೋದು ಶರ್ಟಿಗೆ ಹಾಕಿರೋ ಡೈ ಮೇಲೆ ನಿಂತಿದೆ, ರಿಯಾಕ್ಟಿವ್ ಡೈ ಆದ್ರೂ ಒಂದು ಲಾಟ್ ಕಪ್ಪು ಕೆನೆ ಬಣ್ಣಕ್ಕೆ ಬರುತ್ತೆ ಇನ್ನೊಂದು ಲಾಟ್ ಕಂದುಗೇ ನಿಲ್ಲುತ್ತೆ. ರಾಯಲ್ ಬ್ಲೂ, ಟರ್ಕಾಯ್ಸ್, ಕೆಲವು ಹಸಿರು ಡೈಗಳು ಸರಿಯಾಗಿ ಬಿಡೋದೇ ಇಲ್ಲ. ಪಾಲಿಯೆಸ್ಟರ್ ಮಿಕ್ಸ್ ಆದ್ರಂತೂ ಆ ನಾರು ಹಾಗೇ ಉಳಿದು ಬೂದಿ ಬೂದಿ ಕಾಣುತ್ತೆ.

ನೀರಿನಬಣ್ಣ:
ಅದಕ್ಕೇ ಸ್ಯಾಂಪಲ್ ಶರ್ಟ್ ಟೆಸ್ಟ್ ಮಾಡದೆ ಯಾರೂ ಹಾಕಲ್ಲ ಗುರು. ಇನ್ನೊಂದು ದಾರಿನೂ ಇದೆ, ಡಿಸ್ಚಾರ್ಜ್ ಬೇಸ್ ಹಾಕಿ ಅದರ ಮೇಲೆ ಪ್ಲಾಸ್ಟಿಸಾಲ್ ಬಣ್ಣ. ದಪ್ಪನೂ ಕಮ್ಮಿ, ಬಣ್ಣನೂ ನಮ್ಮ ಕೈಯಲ್ಲಿ ಇರುತ್ತೆ. ಡೈ ಸರಿ ಬಿಡದ ಶರ್ಟಿಗೆ ಅದೂ ಆಗಲ್ಲ, ಒಪ್ಪಿದೆ.

ಒಂದೇಪೀಸ್:
ಎಷ್ಟು ಶರ್ಟು ಅಂತ ಹೇಳೇ ಇಲ್ವಲ್ಲ. ಬೆರಳೆಣಿಕೆ ಪೀಸ್ ಆದ್ರೆ ನಾಲ್ಕು ಸ್ಕ್ರೀನ್ ಕೋಟ್ ಮಾಡಿ ಎಕ್ಸ್‌ಪೋಸ್ ಮಾಡಿ ಸೆಟ್ ಮಾಡೋದ್ರಲ್ಲಿ ಡಿಟಿಎಫ್ (ಫಿಲ್ಮ್ ಮೇಲೆ ಪ್ರಿಂಟ್ ಮಾಡಿ ಬಟ್ಟೆಗೆ ಅಂಟಿಸೋದು) ಪ್ರಿಂಟ್ ತಗೊಂಡು ಹೀಟ್ ಪ್ರೆಸ್ ಮಾಡಿ ಮನೆಗೆ ಹೋಗ್ಬಹುದು. ಸ್ಕ್ರೀನ್ ಪ್ರಿಂಟ್ ಗೆಲ್ಲೋದು ಸಂಖ್ಯೆ ಜಾಸ್ತಿ ಇದ್ದಾಗ.

ಹೊಸಫ್ರೇಮ್:
ಸಂಖ್ಯೆ ಜಾಸ್ತಿನೇ ಇದೆ ಸರ್, ಇದೇ ಲೋಗೋ ಮತ್ತೆ ಮತ್ತೆ ಬರುತ್ತೆ, ಹಾಗಾಗಿ ಸ್ಕ್ರೀನೇ. ಡಿಸ್ಚಾರ್ಜ್ ಸದ್ಯಕ್ಕೆ ಬೇಡ, ನಮ್ಮ ರೂಮಲ್ಲಿ ಎಕ್ಸಾಸ್ಟ್ ಇಲ್ಲ.

ಖಾಲಿ ಶರ್ಟ್ ಮೊದ್ಲು ಬಿಸಿ ಮಾಡೋದು, ಹೊಸ ಗಮ್ಮು, ಇಷ್ಟರಲ್ಲೇ ಇಣುಕೋದು ಬಹಳ ಕಮ್ಮಿ ಆಯ್ತು, ಚೋಕ್ ಕೊಟ್ಟ ಫಿಲ್ಮ್ ಇನ್ನೂ ತೆಗೀಬೇಕು. ಈಗ ಎರಡು ಡೌಟ್. ಬೇಸ್ ಒಂದೇ ಎಳೆತಕ್ಕೆ ಬೂದು ಕಾಣುತ್ತೆ, ಎರಡು ಮೂರು ಸಲ ಎಳೆದ್ರೆ ಅಂಚು ಹರಡುತ್ತೆ. ಮತ್ತೆ ನೀಲಿ ಸ್ಕ್ರೀನ್ ಕೆಳಗೆ ಕೆಂಪು ಇಂಕ್ ಅಂಟ್ಕೊಂಡು ಮುಂದಿನ ಶರ್ಟ್ ಮೇಲೆ ಗಲೀಜಾಗಿ ಕೂರುತ್ತೆ. ಬೇಸ್ ಆದ್ಮೇಲೆ ಫ್ಲಾಶ್ ಮಾಡ್ತೀನಿ, ಬಣ್ಣಗಳ ಮಧ್ಯೆ ಮಾಡ್ತಿಲ್ಲ.

ಸ್ಕ್ವೀಜಿಹಿಡಿದವ:
ಬೂದು ಕಾಣೋದು ಇಂಕ್ ಬಟ್ಟೆ ಒಳಗೆ ಇಳಿದು ಹೋಗ್ತಿರೋದಕ್ಕೆ. ನಿಮಗೆ ಬೇಕಿರೋದು ಬಿಳಿ ನಾರಿನ ಮೇಲೆ ಕೂರೋದು, ಒಳಗೆ ಹೋಗೋದಲ್ಲ. ಜಾಸ್ತಿ ಒತ್ತಡ ಹಾಕ್ಬೇಡಿ, ಎಷ್ಟೋ ಜನ ಬಿಳಿ ಬರ್ತಿಲ್ಲ ಅಂತ ಮೈಭಾರ ಎಲ್ಲ ಸ್ಕ್ವೀಜಿ (ಇಂಕ್ ಎಳೆಯೋ ರಬ್ಬರ್ ಪಟ್ಟಿ) ಮೇಲೆ ಬಿಡ್ತಾರೆ, ಬಿಟ್ಟಷ್ಟೂ ಇಂಕ್ ಕೆಳಗೆ ಹೋಗಿ ನಾರು ಮೇಲೆ ಎದ್ದು ಇನ್ನೂ ಬೂದಾಗುತ್ತೆ. ಮೊದ್ಲು ಸ್ಕ್ರೀನ್ ತುಂಬಾ ಇಂಕ್ ಹರಡಿ ಫ್ಲಡ್ ಮಾಡಿ, ಆಮೇಲೆ ಸ್ಕ್ವೀಜಿ ಹೆಚ್ಚು ವಾಲಿಸ್ದೆ ನೆಟ್ಟಗೆ ಹಿಡಿದು ಮೆಶ್ ಖಾಲಿ ಆಗೋವಷ್ಟು ಮಾತ್ರ ಒತ್ತಿ ಎಳೀರಿ. ಎಳೆದ ಮೇಲೆ ಸ್ಕ್ರೀನಲ್ಲಿ ಆ ಜಾಗ ಕ್ಲೀನಾಗಿ ಕಾಣ್ಬೇಕು, ಅದೇ ಅಳತೆ. ಸ್ಕ್ರೀನಿಗೂ ಬಟ್ಟೆಗೂ ನಡುವೆ ಎರಡು ಮೂರು ಮಿಲಿಮೀಟರ್ ಗ್ಯಾಪ್ ಇದೆಯಾ ನೋಡಿ, ಇಲ್ಲಾಂದ್ರೆ ಎಳೆದ ತಕ್ಷಣ ಮೆಶ್ ಇಂಕಿಂದ ಬಿಡಿಸ್ಕೊಳ್ಳಲ್ಲ, ಅಂಚು ಹರಡೋದು ಅಲ್ಲೇ. ಮೆಶ್ ಸಡಿಲ ಆಗಿದ್ರೂ ಇದೇ ಗೋಳು. ಎರಡು ಪದರ ಬೇಕೇ ಬೇಕು ಅಂದ್ರೆ ಎಳೀರಿ, ಫ್ಲಾಶ್ ಮಾಡಿ, ಮತ್ತೆ ಎಳೀರಿ. ಹಸಿ ಮೇಲೆ ಹಸಿ ಎಳೀತಾ ಹೋಗ್ಬೇಡಿ.

ಗಲೀಜು ವಿಷಯಕ್ಕೆ ಬಂದ್ರೆ ಹಸಿ ಕೆಂಪಿನ ಮೇಲೆ ನೀಲಿ ಸ್ಕ್ರೀನ್ ಕೂತಾಗ ಕೆಂಪು ಅದರ ಬೆನ್ನಿಗೆ ಹತ್ಕೊಳ್ಳೋದು ಸಹಜ. ತಿಳಿ ಬಣ್ಣ ಮೊದ್ಲು, ಗಾಢ ಬಣ್ಣ ಆಮೇಲೆ, ಅಗಲವಾಗಿ ಹರಡಿರೋ ಬಣ್ಣ ಕೊನೇಲಿ ಇಡಿ, ಮುಂದಿನ ಸ್ಕ್ರೀನ್‌ಗಳಿಗೆ ಅದು ತಾಗೋದೇ ಇಲ್ಲ. ನಿಮ್ಮ ಲೋಗೋಲಿ ಕೆಂಪೇ ದೊಡ್ಡದಿದ್ರೆ ಹಳದಿ, ನೀಲಿ, ಆಮೇಲೆ ಕೆಂಪು. ಮೇಲಿನ ಬಣ್ಣಗಳಿಗೆ 90ಟಿ ಹಾಕಿದ್ರೆ ಇಂಕೇ ತೆಳು ಬೀಳುತ್ತೆ, ಅರ್ಧ ಗಲೀಜು ಅಲ್ಲೇ ಕಮ್ಮಿ.

ಡ್ರೈಯರ್‌ಪಕ್ಕದಲ್ಲಿ:
ಫ್ಲಾಶ್ ಬಗ್ಗೆ ಒಂದು ಮಾತು ಯಾರೂ ಹೇಳ್ಲಿಲ್ಲ. ಬೇಸ್‌ನ ಜೆಲ್ ಮಾಡಿದ್ರೆ ಸಾಕು, ಬೇಯಿಸ್ಬಾರ್ದು. ಸಾಮಾನ್ಯ ಪ್ಲಾಸ್ಟಿಸಾಲ್ 105 ರಿಂದ 120 ಡಿಗ್ರಿ ಸೆಲ್ಸಿಯಸ್ ಹತ್ರ ಜೆಲ್ ಆಗುತ್ತೆ, ಪೂರ್ತಿ ಕ್ಯೂರ್ ಆಗೋಕೆ 160 ಬೇಕು. ಬೆರಳಿಟ್ರೆ ಇಂಕ್ ಅಂಟಬಾರ್ದು ಆದ್ರೆ ಸಣ್ಣ ಜಿಗುಟು ಇರ್ಬೇಕು, ಅಷ್ಟಕ್ಕೆ ತೆಗೀರಿ. ಜಾಸ್ತಿ ಸುಟ್ರೆ ಮೇಲಿನ ಬಣ್ಣ ಬೇಸಿಗೆ ಕಚ್ಕೊಳ್ಳಲ್ಲ, ಒಗೆದಾಗ ಹಳದಿ ಸಿಪ್ಪೆ ಏಳುತ್ತೆ, ಬಿಳಿ ಮಾತ್ರ ಉಳಿಯುತ್ತೆ. ಪ್ಯಾಲೆಟ್ ಬಿಸಿ ಏರ್ತಾ ಹೋದ ಹಾಗೆ ಫ್ಲಾಶ್ ಟೈಮ್ ಇಳಿಸ್ತಾ ಬನ್ನಿ, ಬೆಳಗಿನ ಟೈಮನ್ನೇ ಸಂಜೆವರೆಗೂ ಇಟ್ರೆ ಸ್ಕ್ರೀನೊಳಗಿನ ಇಂಕೇ ಜೆಲ್ ಆಗಿ ಮೆಶ್ ಕಟ್ಟುತ್ತೆ. ಫ್ಲಾಶ್ ಆದ ತಕ್ಷಣ ಸ್ಕ್ರೀನ್ ಇಳಿಸ್ಬೇಡಿ, ಒಂದು ಕ್ಷಣ ತಣಿಯೋಕೆ ಬಿಡಿ.

ಹೊಸಫ್ರೇಮ್:
ಹಳದಿ ಸಿಪ್ಪೆ ಏಳೋದು ಒಂದು ಶರ್ಟಲ್ಲಿ ನೋಡಿದೀನಿ! ಇಂಕ್ ಕಳಪೆ ಅನ್ಕೊಂಡಿದ್ದೆ. ಕೊನೆ ಕ್ಯೂರಿಂಗ್ ನಾನು ಫ್ಲಾಶ್ ಕೆಳಗೇ ಮಾಡ್ತಿದೀನಿ, ಕನ್ವೇಯರ್ ಡ್ರೈಯರ್ ಇಲ್ಲ. ಆಗಿದೆಯೋ ಇಲ್ವೋ ಗೊತ್ತಾಗೋದು ಹೇಗೆ?

ಡ್ರೈಯರ್‌ಪಕ್ಕದಲ್ಲಿ:
ಫ್ಲಾಶಲ್ಲಿ ಆಗುತ್ತೆ, ತಾಳ್ಮೆ ಬೇಕು. ಮೇಲ್ಪದರ 160 ಮುಟ್ಟಿದ್ರೆ ಸಾಲ್ದು, ಕೆಳಗಿನ ಬಿಳಿನೂ ಮುಟ್ಬೇಕು, ನಿಮ್ಮದು ಎರಡು ಪದರ ಇರೋದ್ರಿಂದ ಅದಕ್ಕೆ ಇನ್ನೂ ಟೈಮ್ ಹಿಡಿಯುತ್ತೆ. ಲೇಸರ್ ಗನ್ ಮೇಲ್ಮೈ ಬಿಸಿ ಮಾತ್ರ ತೋರ್ಸುತ್ತೆ, ಅದನ್ನ ಪೂರ್ತಿ ನಂಬ್ಬೇಡಿ. ಫ್ಲಾಶ್ ಪ್ಯಾನಲ್ಲು ಅಂಚಿಗಿಂತ ನಡುವೆ ಬಿಸಿ ಜಾಸ್ತಿ ಇರುತ್ತೆ, ಲೋಗೋನ ನಡುವೆ ಇಡಿ. ಶರ್ಟ್ ತಣ್ಣಗಾದ ಮೇಲೆ ಪ್ರಿಂಟ್‌ನ ಎರಡು ಕೈಯಲ್ಲಿ ಹಿಡಿದು ಎಳೀರಿ, ಬಟ್ಟೆ ಜೊತೆ ಹಿಗ್ಗಿ ವಾಪಸ್ ಬಂದ್ರೆ ಆಗಿದೆ, ಬಿರುಕು ಬಿಟ್ಟು ಹಾಗೇ ನಿಂತ್ರೆ ಕೆಳಗೆ ಹಸಿ ಇದೆ. ಬಿಸಿ ಇರುವಾಗ ಎಳೀಬೇಡಿ, ಆಗ ಸರಿಯಾಗಿ ಆಗಿರೋದೂ ಮೆತ್ತಗಿರುತ್ತೆ, ಗೊತ್ತಾಗಲ್ಲ. ಪ್ರತಿ ಲಾಟಿಂದ ಒಂದು ಶರ್ಟ್ ತೆಗೆದು ಬಿಸಿನೀರಲ್ಲಿ ನಾಲ್ಕೈದು ಸಲ ಒಗೆದು ನೋಡಿ ಆಮೇಲೇ ಉಳಿದಿದ್ದು ಕಳಿಸಿ.

ಸ್ಕ್ವೀಜಿಹಿಡಿದವ:
ಒಗೆದ ಮೇಲೆ ಬಣ್ಣ ಮಾಸಿದ ಹಾಗೆ ಕಂಡ್ರೆ ತಕ್ಷಣ ಕ್ಯೂರಿಂಗ್ ಮೇಲೆ ಹಾಕ್ಬೇಡಿ, ಬೆಳಕಿಗೆ ಓರೆ ಹಿಡಿದು ನೋಡಿ. ಕಪ್ಪು ನಾರು ಇಂಕ್ ತೂರಿ ಮೇಲೆ ಎದ್ದಿದ್ರೆ ಅದು ಬೇಸಿನ ಸಮಸ್ಯೆ. ಮೊದಲ ಫ್ಲಾಶ್ ಆದ್ಮೇಲೆ ಬೇಸ್ ಮೇಲೆ ಟೆಫ್ಲಾನ್ ಶೀಟ್ ಇಟ್ಟು ಹೀಟ್ ಪ್ರೆಸ್ಸಲ್ಲಿ ಒತ್ತೋರೂ ಇದಾರೆ, ಆದ್ರೆ ಅದಕ್ಕೆ ಶರ್ಟ್‌ನ ಪ್ಯಾಲೆಟಿಂದ ತೆಗೀಬೇಕು, ರಿಜಿಸ್ಟ್ರೇಷನ್ (ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರೋದು) ಹೋಯ್ತು ಅಂತಾನೇ ಲೆಕ್ಕ. ನೀವು ಪ್ಯಾಲೆಟ್ ಮೇಲೇ ಮಾಡಿ, ಜೆಲ್ ಆದ ಬೇಸ್ ಮೇಲೆ ಡಿಸೈನ್ ಇಲ್ಲದ ಖಾಲಿ ಸ್ಕ್ರೀನ್‌ಗೆ ಟೆಫ್ಲಾನ್ ಶೀಟ್ ಅಂಟಿಸಿ ಇಳಿಸಿ, ಸ್ಕ್ವೀಜಿಯಲ್ಲಿ ಒಂದ್ಸಲ ಗಟ್ಟಿಯಾಗಿ ಎಳೀರಿ, ನಾರು ಮಲಗುತ್ತೆ. ಅದಕ್ಕೊಂದು ತಲೆ ಬೇಕಾಗುತ್ತೆ, ನಿಮ್ಮ ನಾಲ್ಕೂ ತುಂಬಿದೆ. ನೀಲಿ ಇಲ್ಲದ ಲೋಗೋ ಬಂದಾಗ ಟ್ರೈ ಮಾಡಿ ನೋಡಿ.