ಪೌಂಡ್ ಫಾರ್ ಪೌಂಡ್ ಪಟ್ಟಿ: 122 ಪೌಂಡಿನವನನ್ನೂ 226 ಪೌಂಡಿನವನನ್ನೂ ಒಂದೇ ತಕ್ಕಡಿಯಲ್ಲಿ ತೂಗೋದು ಹೆಂಗೆ?

ಮಂಡಕ್ಕಿ_ಮೆಣಸಿನಕಾಯಿ (ದಾವಣಗೆರೆ)

ಕುಸ್ತಿಯ ಊರಲ್ಲಿ ಬಾಕ್ಸಿಂಗ್ ನೋಡೋರು ಬೆರಳೆಣಿಕೆ, ಆದ್ರೆ ಜಗಳಕ್ಕೆ ಅಷ್ಟೇ ಸಾಕು. ವೃತ್ತಿಪರ ಬಾಕ್ಸರ್‌ಗಳ ಮೊದಲ ಹತ್ತರ ಪಟ್ಟಿ ಮಾಡ್ತಿದ್ದೀವಿ, ಎಲ್ಲಾ ತೂಕದವರನ್ನೂ ಸೇರಿಸಿ, ತೂಕದ ವ್ಯತ್ಯಾಸ ಬಿಟ್ಟು ನೋಡಿದ್ರೆ ಯಾರು ಮೇಲು ಅಂತ (ಇದಕ್ಕೇ ‘ಪೌಂಡ್ ಫಾರ್ ಪೌಂಡ್’ ಅನ್ನೋದು). ಇಟ್ಕೊಂಡಿರೋ ಅಳತೆ ಮೂರು: ಸೋಲಿಲ್ಲದ ದಾಖಲೆ, ನಾಕೌಟ್ ಶೇಕಡಾವಾರು, ಎಷ್ಟು ತೂಕದ ವಿಭಾಗದಲ್ಲಿ ಬೆಲ್ಟ್ (ವಿಶ್ವ ಪ್ರಶಸ್ತಿ) ಗೆದ್ದಿದ್ದಾರೆ ಅನ್ನೋದು.

2025ರ ಕೊನೆವರೆಗಿನ ಲೆಕ್ಕ ಹಿಡಿದ್ರೆ ನವೊಯ ಇನೊಯೆ ಮೊದಲು (32ಕ್ಕೆ 32 ಗೆಲುವು, 27 ನಾಕೌಟ್, 4 ವಿಭಾಗ), ಟೆರೆನ್ಸ್ ಕ್ರಾಫರ್ಡ್ ಎರಡನೆಯವನು (42ಕ್ಕೆ 42, 31 ನಾಕೌಟ್, 5 ವಿಭಾಗ), ಒಲೆಕ್ಸಾಂಡರ್ ಉಸಿಕ್ ಮೂರನೆಯವನು (24ಕ್ಕೆ 24, 15 ನಾಕೌಟ್, 2 ವಿಭಾಗ). ಇದಕ್ಕೆ ಅರ್ಧ ಜನರ ತಕರಾರು. ಉಸಿಕ್ ಆಡೋ ಹೆವಿವೇಟ್‌ಗೆ ತೂಕದ ಮಿತಿಯೇ ಇಲ್ಲ, ಅವನನ್ನ ಈ ಪಟ್ಟಿಯಲ್ಲಿ ಯಾಕೆ ಇಡ್ಬೇಕು ಅಂತಾರೆ. ಇನ್ನೊಬ್ಬರು ಉಸಿಕ್ಕೇ ಮೊದಲು ಅಂತ ಪಟ್ಟು ಹಿಡಿದಾರೆ. ಕ್ರಾಫರ್ಡ್ 2025ರ ಡಿಸೆಂಬರ್‌ನಲ್ಲಿ ನಿವೃತ್ತಿ ಹೇಳಿದ ಮೇಲೂ ಇಟ್ಕೋಬೇಕಾ? ಅಳತೆಯಲ್ಲೇ ತಪ್ಪಿದ್ರೆ ಎಲ್ಲಿ ಅಂತ ತಿಳಿದೋರು ಹೇಳ್ರಿ.

ಗರಡಿಮಣ್ಣು (ದಾವಣಗೆರೆ)

ಮೂರರಲ್ಲಿ ಎರಡು ಅಳತೆ ತೆಗೆದು ಬಿಸಾಕ್ರಿ.

ಮೊದಲು ನಾಕೌಟ್ ಶೇಕಡಾವಾರು. ಡಿಯೊಂಟೆ ವೈಲ್ಡರ್ 2020ರ ಫೆಬ್ರವರಿಯಲ್ಲಿ ಟೈಸನ್ ಫ್ಯೂರಿ ಕೈಲಿ ಸೋಲೋ ಮುಂಚೆ 42 ಗೆಲುವು, 41 ನಾಕೌಟ್ ಇಟ್ಕೊಂಡಿದ್ದ. ಫ್ಲಾಯ್ಡ್ ಮೇವೆದರ್ 50ಕ್ಕೆ 50 ಗೆದ್ದರೂ ನಾಕೌಟ್ 27 ಮಾತ್ರ. ನಿಮ್ಮ ಅಳತೆಯಲ್ಲಿ ವೈಲ್ಡರ್ ಮೇಲೆ, ಮೇವೆದರ್ ಕೆಳಗೆ ಬರ್ತಾನೆ. ಯಾರೂ ಒಪ್ಪಲ್ಲ. ತೂಕ ಏರಿದಂಗೆಲ್ಲ ಒಂದೇ ಏಟಿಗೆ ಆಟ ಮುಗಿಯೋದು ಜಾಸ್ತಿ. ಅದರ ಮೇಲೆ ಹೆಚ್ಚಿನ ಬಾಕ್ಸರ್‌ಗಳ ಮೊದಲ ಹದಿನೈದು ಇಪ್ಪತ್ತು ಪಂದ್ಯಗಳಲ್ಲಿ ಎದುರಾಳಿಯನ್ನ ಆರಿಸೋದು ಪಂದ್ಯ ಏರ್ಪಡಿಸೋ ಅವರ ಪ್ರಮೋಟರ್. ಆ ನಾಕೌಟ್‌ಗಳನ್ನೂ ಸೇರಿಸಿ ಶೇಕಡಾ ತೆಗೆದ್ರೆ ಹೊಟ್ಟಿನ ಸಮೇತ ಕಾಳು ತೂಗಿದಂಗೆ.

ಇನ್ನು ವಿಭಾಗಗಳ ಎಣಿಕೆ. ಒಟ್ಟು 17 ವಿಭಾಗ (ಬೆಲ್ಟ್ ಕೊಡೋ ನಾಲ್ಕು ಸಂಸ್ಥೆಗಳಲ್ಲೊಂದಾದ ಡಬ್ಲ್ಯುಬಿಸಿ ತಂದಿರೋ 224 ಪೌಂಡಿನ ಬ್ರಿಡ್ಜರ್‌ವೇಟ್ ಬಿಟ್ಟು). ಅವುಗಳ ನಡುವಿನ ಮೆಟ್ಟಿಲು ಒಂದೇ ಎತ್ತರದ್ದಲ್ಲ. 105ರಿಂದ 108 ಪೌಂಡಿಗೆ ಏರಿದ್ರೆ ಶೇ. 2.9, 115ರಿಂದ 118ಕ್ಕೆ ಶೇ. 2.6, 160ರಿಂದ 168ಕ್ಕೆ ಶೇ. 5. ಆದ್ರೆ 175ರಿಂದ ಕ್ರೂಸರ್‌ವೇಟ್‌ನ 200ಕ್ಕೆ ಶೇ. 14.3. ಕೆಳಗಿನವರು ನಾಲ್ಕು ಮೆಟ್ಟಿಲು ಏರೋದೂ ಮೇಲಿನವರು ಒಂದು ಮೆಟ್ಟಿಲು ಏರೋದೂ ಹೆಚ್ಚುಕಡಿಮೆ ಸಮ. ಅದಕ್ಕೆ ಬೆಲ್ಟ್ ಎಣಿಸಬೇಡಿ, ಶೇಕಡಾ ಲೆಕ್ಕ ಹಾಕ್ರಿ. ಇನೊಯೆ ಮೊದಲ ಬೆಲ್ಟ್ ಗೆದ್ದ 108ರಿಂದ (2014) ಈಗಿನ 122ಕ್ಕೆ ಶೇ. 13. ಕ್ರಾಫರ್ಡ್ 135ರಿಂದ (2014) 168ಕ್ಕೆ (2025) ಶೇ. 24.

ಬೆಲ್ಟ್ ಎಣಿಕೆಯಲ್ಲಿ ಇನ್ನೊಂದು ಗುಂಡಿ ಐತಿ. ಡಬ್ಲ್ಯುಬಿಎ ಒಂದೇ ತೂಕದಲ್ಲಿ ‘ಸೂಪರ್’ ಚಾಂಪಿಯನ್ ಒಬ್ಬ, ‘ರೆಗ್ಯುಲರ್’ ಚಾಂಪಿಯನ್ ಇನ್ನೊಬ್ಬ ಅಂತ ಇಟ್ಟಿರುತ್ತೆ, ಮೇಲೆ ‘ಇಂಟರಿಮ್’ (ತಾತ್ಕಾಲಿಕ) ಬೇರೆ. ರೆಗ್ಯುಲರ್ ಬೆಲ್ಟನ್ನ ವಿಶ್ವ ಪ್ರಶಸ್ತಿ ಅಂತ ಬರ್ಕೊಂಡ್ರೆ ಲೆಕ್ಕ ಕೆಟ್ಟಂಗೆ. ಡಬ್ಲ್ಯುಬಿಎ (ಸೂಪರ್), ಡಬ್ಲ್ಯುಬಿಸಿ, ಐಬಿಎಫ್, ಡಬ್ಲ್ಯುಬಿಒ ನಾಲ್ಕೂ ಒಬ್ಬನ ಹತ್ರ ಇದ್ರೆ ಅವನು ಅನ್‌ಡಿಸ್ಪ್ಯೂಟೆಡ್. ಅದನ್ನ ಮಾತ್ರ ದೊಡ್ಡದಾಗಿ ಹಿಡೀರಿ.

ಪಟ್ಟಿ ಮಾಡೋ ಕೆಲಸ ಹಿಂಗೆ: ಪ್ರತಿ ಬಾಕ್ಸರ್‌ಗೆ ನೋಟ್‌ಬುಕ್ಕಿನ ಒಂದು ಪುಟ. ಅದರಲ್ಲಿ ಅವನ ಐದು ದೊಡ್ಡ ಗೆಲುವು ಮಾತ್ರ. ಪ್ರತಿ ಗೆಲುವಿನ ಮುಂದೆ ಆ ದಿನ ಎದುರಾಳಿ ಆ ತೂಕದಲ್ಲಿ ಎಷ್ಟನೆಯವನಾಗಿದ್ದ, ತಕ್ಕಡಿ ಮೇಲೆ ಇಬ್ಬರ ತೂಕ ಎಷ್ಟು, ಪಂದ್ಯ ಹೇಗೆ ಮುಗೀತು ಅಂತ ಬರೀರಿ. ‘ಆ ದಿನ’ ಅನ್ನೋದು ಮುಖ್ಯ. ಆಮೇಲೆ ಮುದುಕನಾದವನ ಹೆಸರು ನೋಡಿ ಅಂಕ ಕೊಡ್ಬೇಡಿ, ಆಗಿನ್ನೂ ಹೆಸರು ಮಾಡದೇ ಇದ್ದವನನ್ನ ಸೋಲಿಸಿದ್ದಕ್ಕೆ ಈಗಿನ ಅಂಕವನ್ನೂ ಕೊಡ್ಬೇಡಿ. ಬಾಕ್ಸ್‌ರೆಕ್ ತಾಣದಲ್ಲಿ ಪ್ರತಿ ಪಂದ್ಯದ ಪಕ್ಕ ಎದುರಾಳಿಯ ಆಗಿನ ದಾಖಲೆಯೂ ಹಿಂದಿನ ಆರು ಫಲಿತಾಂಶದ ಬಣ್ಣದ ಚೌಕಗಳೂ ಇರ್ತವೆ. ಅಲ್ಲಿಂದ ತಗೋಳ್ರಿ. ಅಲ್ಲಿನ ಕಂಪ್ಯೂಟರ್ ಅಂಕ ಮಾತ್ರ ಕಣ್ಣು ಮುಚ್ಚಿ ನಂಬಬೇಡಿ.

ಹೆವಿವೇಟ್ ಪ್ರಶ್ನೆಗೆ ಉತ್ತರ ಇದರಲ್ಲೇ ಬರುತ್ತೆ. 2024ರ ಡಿಸೆಂಬರ್ 21ರ ಎರಡನೇ ಪಂದ್ಯಕ್ಕೆ ಉಸಿಕ್ 226 ಪೌಂಡ್, ಫ್ಯೂರಿ 281. ವ್ಯತ್ಯಾಸ 55 ಪೌಂಡ್, ಸುಮಾರು 25 ಕೆಜಿ, ಉಸಿಕ್‌ನ ತೂಕದ ಶೇ. 24. ಎತ್ತರದಲ್ಲೂ 15 ಸೆಂಟಿಮೀಟರ್ ಕಡಿಮೆ. ಮೂವರು ತೀರ್ಪುಗಾರರೂ 116-112 ಅಂತ ಅವನಿಗೇ ಕೊಟ್ಟರು. ತೂಕದ ಮಿತಿ ಇಲ್ಲದಿರೋದು ಅವನಿಗೆ ಅನುಕೂಲ ಅಲ್ಲ, ತೊಂದರೆ. ಹೆವಿವೇಟ್‌ನ ಎಲ್ಲಾ ಪಂದ್ಯದಲ್ಲೂ ಅವನೇ ಸಣ್ಣವ. ನನ್ನ ಲೆಕ್ಕದಲ್ಲಿ ಅವನೇ ಮೊದಲು.

ಕೋಟೆಗಾಳಿ (ಚಿತ್ರದುರ್ಗ)

ಗರಡಿಮಣ್ಣು ಅವರ ಶೇಕಡಾ ಲೆಕ್ಕ ಚೆನ್ನಾಗಿದೆ, ಆದರೆ ಅದನ್ನೇ ನಂಬಿ ಕೂತರೆ ಎಡವುತ್ತೀರಿ. ರೋಮನ್ ಗೊನ್ಸಾಲೆಸ್‌ನನ್ನು ನೋಡಿ. 105, 108, 112 ಪೌಂಡುಗಳಲ್ಲಿ ಬೆಲ್ಟ್ ಗೆದ್ದು, 2015ರಲ್ಲಿ ಮೇವೆದರ್ ನಿವೃತ್ತನಾದ ಮೇಲೆ ‘ರಿಂಗ್’ ಪತ್ರಿಕೆಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂದವನು. 112ರಿಂದ 115ಕ್ಕೆ ಏರಿದ್ದು ಬರೀ ಶೇ. 2.7. ಅಲ್ಲೂ ಒಂದು ಬೆಲ್ಟ್ ಗೆದ್ದ. ಆದರೆ 2017ರಲ್ಲಿ ಥಾಯ್ಲೆಂಡಿನ ಶ್ರೀಸಾಕೆಟ್ ಅವನನ್ನು ಎರಡು ಸಲ ಸೋಲಿಸಿದ, ಎರಡನೇ ಸಲ 4ನೇ ಸುತ್ತಿನಲ್ಲಿ ನಾಕೌಟ್. ಎಲುಬಿನ ಹಂದರ ಎಲ್ಲಿಗೆ ನಿಲ್ಲುತ್ತದೋ ಅಲ್ಲಿಂದ ಮೇಲೆ ಪ್ರತಿ ಪೌಂಡೂ ದುಬಾರಿ. ಎದುರಾಳಿಯ ಕೈ ಉದ್ದವಾಗುತ್ತದೆ, ತಬ್ಬಿ ಹಿಡಿದಾಗ ಹೆಗಲ ಮೇಲೆ ಬೀಳುವ ಭಾರ ಹೆಚ್ಚುತ್ತದೆ, ಮೊದಲು ಅಲುಗಾಡಿಸುತ್ತಿದ್ದ ಏಟಿಗೆ ಎದುರಿನವನು ನಗುತ್ತಾನೆ. ನಿಮ್ಮ ವೇಗ ಮಾತ್ರ ಇದ್ದಷ್ಟೇ.

ಆದ್ದರಿಂದ ಸೋಲಿಗೂ ಬೆಲೆ ಕಟ್ಟುವ ರೀತಿ ಬೇಕು. ‘ಸೋಲಿಲ್ಲದ ದಾಖಲೆ’ ಎಂಬ ಅಳತೆ ಧೈರ್ಯ ಮಾಡಿದವನಿಗೆ ದಂಡ ಹಾಕುತ್ತದೆ. ಕನೆಲೊ ಅಲ್ವಾರೆಸ್ 2022ರ ಮೇ 7ರಂದು 168 ಬಿಟ್ಟು 175ಕ್ಕೆ ಏರಿ ಡಿಮಿಟ್ರಿ ಬಿವೊಲ್‌ಗೆ ಸೋತ, ತೀರ್ಪುಗಾರರ ಮೂರೂ ಅಂಕದ ಕಾರ್ಡಿನಲ್ಲಿ 115-113. ಅದಕ್ಕೆ ಒಂದೆರಡು ಸ್ಥಾನ ಇಳಿಸಿದರೆ ಸಾಕು. 2025ರ ಸೆಪ್ಟೆಂಬರ್ 13ರಂದು ಅವನು ತನ್ನದೇ 168ರಲ್ಲಿ ಕ್ರಾಫರ್ಡ್‌ಗೆ ಸೋತದ್ದು ಬೇರೆ ಮಾತು. ಕ್ರಾಫರ್ಡ್ ಬಂದದ್ದು ಕೆಳಗಿನಿಂದ, 154ರಲ್ಲಿ ಒಂದೇ ಪಂದ್ಯ ಆಡಿ, 160ನ್ನು ಪೂರ್ತಿ ಹಾರಿ. ಆ ಸೋಲಿಗೆ ಕನೆಲೊನನ್ನು ಮೊದಲ ಐದರಿಂದ ಹೊರಗಿಡಬೇಕು. ಮೇಲಿನ ತೂಕದಲ್ಲಿ ಸೋತರೆ ಸಣ್ಣ ದಂಡ, ಸ್ವಂತ ತೂಕದಲ್ಲಿ ಸೋತರೆ ದೊಡ್ಡ ದಂಡ, ತನಗಿಂತ ಕೆಳಗಿನಿಂದ ಬಂದವನಿಗೆ ಸೋತರೆ ಇನ್ನೂ ದೊಡ್ಡದು.

‘ಪೌಂಡ್ ಫಾರ್ ಪೌಂಡ್’ ಎಂಬ ಮಾತು ಹೆಚ್ಚಾಗಿ ಅಂಟಿಕೊಂಡಿರುವುದು ಶುಗರ್ ರೇ ರಾಬಿನ್ಸನ್ ಹೆಸರಿಗೆ. ಅವನು 1952ರ ಜೂನ್ 25ರಂದು ನ್ಯೂಯಾರ್ಕಿನ ಯಾಂಕಿ ಸ್ಟೇಡಿಯಂನಲ್ಲಿ ಲೈಟ್ ಹೆವಿವೇಟ್ (175 ಪೌಂಡ್) ಚಾಂಪಿಯನ್ ಜೋಯಿ ಮ್ಯಾಕ್ಸಿಮ್ ಎದುರು ನಿಂತಾಗ ತೂಕ 157 ಚಿಲ್ಲರೆ, ಮ್ಯಾಕ್ಸಿಮ್‌ದು 173. ಮೂರೂ ಕಾರ್ಡಿನಲ್ಲಿ ಮುಂದಿದ್ದ. ನಮ್ಮ ಏಪ್ರಿಲ್ ಮಧ್ಯಾಹ್ನದಂಥ ಬಿಸಿ, 100 ಫ್ಯಾರನ್‌ಹೀಟ್ ದಾಟಿತ್ತು. 10ನೇ ಸುತ್ತಿನ ಹೊತ್ತಿಗೆ ರೆಫರಿಯೇ ಕುಸಿದು ಬೇರೊಬ್ಬ ಬಂದ. 13ನೇ ಸುತ್ತು ಮುಗಿದ ಮೇಲೆ ರಾಬಿನ್ಸನ್‌ಗೆ ಸ್ಟೂಲಿನಿಂದ ಏಳಲಾಗಲಿಲ್ಲ. ದಾಖಲೆಯಲ್ಲಿ ಅದು ಬರೀ ಒಂದು ಸೋಲು.

ಕ್ರಾಫರ್ಡ್ ವಿಷಯಕ್ಕೆ ಬಂದರೆ, ಈಗಿನ ಪಟ್ಟಿ ಮಾಡುತ್ತಿದ್ದರೆ ತೆಗೆಯಿರಿ. 140, 147, 168 ಮೂರರಲ್ಲೂ ನಾಲ್ಕು ಬೆಲ್ಟ್ ಒಟ್ಟುಗೂಡಿಸಿದವನು, ಅವನಿಗೆ ಸಾರ್ವಕಾಲಿಕ ಪಟ್ಟಿಯಲ್ಲಿ ಜಾಗವಿದೆ. ಎರಡೂ ಪಟ್ಟಿಯನ್ನು ಒಂದೇ ಹಾಳೆಯಲ್ಲಿ ಕಲಸಿದ್ದರಿಂದಲೇ ನಿಮ್ಮ ಅರ್ಧ ಜಗಳ. ನಿವೃತ್ತಿ ಹೇಳದೆ ಸುಮ್ಮನೆ ಕೂತವನಿಗೂ ಒಂದು ಗಡುವು ಇಟ್ಟುಕೊಳ್ಳಿ, ವರ್ಷ ಸಾಕು.

ತೇವಾಂಶ_14 (ದಾವಣಗೆರೆ)

ಇಬ್ಬರೂ ತಕ್ಕಡಿ ಮೇಲಿನ ತೂಕವನ್ನೇ ನಿಜ ಅಂತ ಹಿಡಿದು ಮಾತಾಡ್ತಿದ್ದೀರಿ. ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲ ಬಂದ್ರೆ ಮೊದಲು ತೇವ ನೋಡ್ತಾರೆ, ಆಮೇಲೆ ರೇಟು. ಬಾಕ್ಸರ್‌ಗೂ ಹಂಗೇ ನೋಡ್ಬೇಕು, ಆದ್ರೆ ಇಲ್ಲಿ ಮೋಸ ಉಲ್ಟಾ. ಒಣಗಿಸಿ ತೂಗ್ತಾರೆ, ನೆನೆಸಿ ಕಣಕ್ಕೆ ಇಳಿಸ್ತಾರೆ.

1980ರ ದಶಕದಿಂದ ತೂಕ ನೋಡೋದು ಪಂದ್ಯದ ಹಿಂದಿನ ದಿನಕ್ಕೆ ಹೋಯ್ತು. ರಾಬಿನ್ಸನ್ ಕಾಲದಲ್ಲಿ ಪಂದ್ಯದ ದಿನವೇ ನೋಡ್ತಿದ್ರು, ಹಂಗಾಗಿ ಆಗಿನ 157ನ್ನ ಈಗಿನ 157ರ ಜೊತೆ ಹೋಲಿಸಿದ್ರೆ ತಪ್ಪು. ಈಗಿನವರು ಕೊನೇ ವಾರ ಉಪ್ಪು, ಅನ್ನ, ರೊಟ್ಟಿ ಕಡಿಮೆ ಮಾಡ್ತಾರೆ. ಮಾಂಸಖಂಡದಲ್ಲಿ ಕೂಡಿಟ್ಟ ಗ್ಲೈಕೋಜೆನ್‌ನ ಒಂದು ಗ್ರಾಂ ಸುಮಾರು ಮೂರು ಗ್ರಾಂ ನೀರು ಹಿಡಿದಿರುತ್ತೆ, ಅದು ಖಾಲಿಯಾದ್ರೆ ನೀರೂ ಹೋಯ್ತು. ಉಳಿದಿದ್ದಕ್ಕೆ ಬಿಸಿನೀರಿನ ಟಬ್ಬು, ಸೌನಾ. ಒಂದು ಲೀಟರ್ ಬೆವರು ಅಂದ್ರೆ 2.2 ಪೌಂಡ್. ತೂಕ ಮುಗಿದ ಮೇಲೆ ಸುಮಾರು 30 ಗಂಟೆಯಲ್ಲಿ ಕುಡಿದು ತಿಂದು ವಾಪಸ್ ತುಂಬಿಸ್ಕೊಳ್ತಾರೆ. ಹೊಟ್ಟೆ ತುಂಬುತ್ತೆ, ರಕ್ತ ತಿಳಿಯಾಗುತ್ತೆ, ಆದ್ರೆ ತೀರಾ ಒಣಗಿದವನ ಕಾಲಿನ ಬಲ ಅಷ್ಟು ಬೇಗ ಬರಲ್ಲ. ತಲೆಗೆ ಏಟು ತಡೆಯೋ ಶಕ್ತಿಯೂ ಅಷ್ಟೇ. 7, 8ನೇ ಸುತ್ತಿನಲ್ಲಿ ಒಬ್ಬ ಇದ್ದಕ್ಕಿದ್ದಂಗೆ ನೆಲಕ್ಕೆ ಅಂಟ್ಕೊಂಡು ಆಡಿದ್ರೆ ಬರೀ ಎದುರಾಳಿಗೆ ಶಹಬ್ಬಾಸ್ ಅನ್ನಬೇಡಿ, ಅವನು ಎಷ್ಟು ಒಣಗಿ ಬಂದಿದ್ದ ಅಂತಲೂ ನೋಡಿ.

ಇದಕ್ಕೆ ತಡೆಯೂ ಐತಿ. ಐಬಿಎಫ್ ಬೆಲ್ಟಿನ ಪಂದ್ಯವಾದ್ರೆ ಪಂದ್ಯದ ದಿನ ಬೆಳಿಗ್ಗೆ ಮತ್ತೆ ತೂಗ್ತಾರೆ, ಮಿತಿಗಿಂತ 10 ಪೌಂಡ್‌ಗೂ ಜಾಸ್ತಿ ಏರಿರಬಾರದು. ಡಬ್ಲ್ಯುಬಿಸಿ 30 ದಿನ ಮುಂಚೆ ಶೇ. 10, 7 ದಿನ ಮುಂಚೆ ಶೇ. 5ರೊಳಗೆ ಇರಬೇಕು ಅನ್ನುತ್ತೆ. 147 ಪೌಂಡಿನವನಿಗೆ ಅದು 161.7 ಮತ್ತು 154.35. ಕೆಲವು ಸಲ ಕರಾರಲ್ಲೇ ಷರತ್ತು ಹಾಕ್ತಾರೆ. 2023ರ ಏಪ್ರಿಲ್‌ನಲ್ಲಿ ಜೆರ್ವಾಂಟ ಡೇವಿಸ್ ಎದುರು ರಯಾನ್ ಗಾರ್ಸಿಯಾ 136 ಪೌಂಡಿಗೆ ಇಳೀಬೇಕಿತ್ತು, ಮತ್ತೆ ಏರೋಕೆ 10 ಪೌಂಡ್ ಮಿತಿ. 7ನೇ ಸುತ್ತಿನಲ್ಲಿ ಲಿವರ್ ಮೇಲೆ ಬಿದ್ದ ಏಟಿಗೆ ಕೂತ. ಹಿಂಗಾಗಿ ಆ ಗೆಲುವಿಗೆ ಡೇವಿಸ್‌ಗೆ ಪೂರ್ತಿ ಅಂಕ ಕೊಡೋಕೆ ನನಗೆ ಮನಸಿಲ್ಲ.

ತೂಕ ಮೀರಿದವನ ಗೆಲುವನ್ನೂ ಕಡಿತ ಮಾಡ್ರಿ. ಅದೇ ಗಾರ್ಸಿಯಾ 2024ರ ಏಪ್ರಿಲ್‌ನಲ್ಲಿ 140ರ ಪಂದ್ಯಕ್ಕೆ 143.2 ತೂಗಿ ಡೆವಿನ್ ಹೇನಿಯನ್ನ ಸೋಲಿಸಿದ, ಆಮೇಲೆ ನಿಷೇಧಿತ ಔಷಧ ಸಿಕ್ಕಿ ಪಂದ್ಯದ ಫಲಿತಾಂಶವೇ ರದ್ದಾಯ್ತು. ನೋಟ್‌ಬುಕ್ಕಿನಲ್ಲಿ ಅದು ಸೊನ್ನೆ.

ಶೇಕಡಾ ಲೆಕ್ಕದವರಿಗೆ ಕೊನೇ ಎಚ್ಚರಿಕೆ: ಬೆಲ್ಟಿನ ಮೇಲಿನ ತೂಕ ತಗೋಬೇಡಿ. 2010ರ ನವೆಂಬರ್‌ನಲ್ಲಿ ಫಿಲಿಪ್ಪೀನ್ಸ್‌ನ ಪಾಕಿಯಾವೊ ಗೆದ್ದ 154ರ ಬೆಲ್ಟಿಗೆ ಪಂದ್ಯದ ಮಿತಿ 150 ಅಂತ ಒಪ್ಪಂದ, ಅವನು ತೂಗಿದ್ದು 144.6. ಅವನ ಏರಿಕೆ 112ರಿಂದ 154ಕ್ಕೆ ಶೇ. 37.5 ಅಂತ ಹೇಳ್ತಾರೆ. ನಿಜದಲ್ಲಿ ಶೇ. 29. ಅದೂ ಕಡಿಮೆಯೇನಲ್ಲ ಬಿಡ್ರಿ.

ಮಂಡಕ್ಕಿ_ಮೆಣಸಿನಕಾಯಿ (ದಾವಣಗೆರೆ)

ಮೂವರಿಗೂ ಶರಣು. ಹೊಸ ಲೆಕ್ಕದಲ್ಲಿ ಉಸಿಕ್ 1, ಇನೊಯೆ 2, ಬಿವೊಲ್ 3, ಜೆಸ್ಸಿ ‘ಬ್ಯಾಮ್’ ರಾಡ್ರಿಗಸ್ 4 ಬಂದಾರೆ. ಇನೊಯೆ ಪರ ಇರೋರು ಇನ್ನೂ ಬಿಡ್ತಿಲ್ಲ, ಎರಡು ವಿಭಾಗದಲ್ಲಿ ಅನ್‌ಡಿಸ್ಪ್ಯೂಟೆಡ್ ಅಂತಾರೆ. ಉಸಿಕ್ ಫ್ಯೂರಿಯನ್ನ ಮೊದಲ ಸಲ ಗೆದ್ದಿದ್ದು ಸ್ಪ್ಲಿಟ್ ತೀರ್ಪಲ್ಲಿ (ಇಬ್ಬರು ತೀರ್ಪುಗಾರರು ಅವನಿಗೆ, ಒಬ್ಬ ಫ್ಯೂರಿಗೆ), ಅದು ಅರ್ಧ ಗೆಲುವು ಅಂತಲೂ ವಾದ. ನಮ್ಮ ದೇಶದವರು ಯಾರಾದ್ರೂ ಹತ್ತಿರ ಇದ್ದಾರಾ?

ಕೋಟೆಗಾಳಿ (ಚಿತ್ರದುರ್ಗ)

ಹತ್ತಿರ ಯಾರೂ ಇಲ್ಲ. ವಿಜೇಂದರ್ 2015ರಲ್ಲಿ ವೃತ್ತಿಪರನಾಗಿ 2016ರಲ್ಲಿ ಡಬ್ಲ್ಯುಬಿಒ ಏಷ್ಯಾ ಪೆಸಿಫಿಕ್ ಬೆಲ್ಟ್ ಗೆದ್ದರು. ಅದು ಪ್ರಾದೇಶಿಕ ಬೆಲ್ಟ್, ವಿಶ್ವ ಪ್ರಶಸ್ತಿ ಅಲ್ಲ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 71 ಕೆಜಿಯಲ್ಲಿ ಕ್ವಾರ್ಟರ್ ಫೈನಲ್ ಆಡಿದ ನಿಶಾಂತ್ ದೇವ್ 2025ರ ಜನವರಿಯಲ್ಲಿ ವೃತ್ತಿಪರ ಕಣಕ್ಕಿಳಿದಿದ್ದಾನೆ. ಅವನನ್ನು ನೋಡುತ್ತಿರಿ, ಪಟ್ಟಿಗೆ ಈಗಲೇ ತರಬೇಡಿ.

ಬ್ಯಾಮ್‌ನನ್ನು ಬಿವೊಲ್‌ಗಿಂತ ಮೇಲಿಡುತ್ತೇನೆ. 2024ರ ಜೂನ್‌ನಲ್ಲಿ ಎಸ್ಟ್ರಾಡ, 2025ರ ನವೆಂಬರ್‌ನಲ್ಲಿ ಫರ್ನಾಂಡೊ ಮಾರ್ಟಿನೆಸ್, ಇಬ್ಬರನ್ನೂ ಪಂದ್ಯ ಪೂರ್ತಿಯಾಗುವ ಮೊದಲೇ ಮುಗಿಸಿದ್ದಾನೆ. ಬಿವೊಲ್ ಮತ್ತು ಅವನದೇ ತೂಕದ ಬೆಟರ್‌ಬಿಯೆವ್ ನಡುವೆ ಒಂದೊಂದು ಗೆಲುವು, ಎರಡೂ ಕೂದಲೆಳೆಯಲ್ಲಿ.

ಗರಡಿಮಣ್ಣು (ದಾವಣಗೆರೆ)

ಸ್ಪ್ಲಿಟ್ ಅಂದ್ರೆ ಅರ್ಧ ಗೆಲುವಲ್ಲ, ಆದ್ರೆ ಕಾರ್ಡ್ ಓದೋದು ಕಲೀರಿ. 12 ಸುತ್ತು, ಪ್ರತಿ ಸುತ್ತು ಗೆದ್ದವನಿಗೆ 10, ಸೋತವನಿಗೆ 9, ಅಂದ್ರೆ ಇಬ್ಬರ ಅಂಕ ಕೂಡಿದ್ರೆ 228 ಬರ್ಬೇಕು. ಒಬ್ಬ ಬಿದ್ದು ಒಂದು ಸುತ್ತು 10-8 ಆದ್ರೆ 227. ಯಾರಿಗಾದ್ರೂ ಒಂದಂಕ ದಂಡ ಬಿದ್ರೂ ಹಂಗೇ ಒಂದು ಕಡಿಮೆ, ಸುತ್ತು 10-10 ಆದ್ರೆ ಒಂದು ಜಾಸ್ತಿ. 2024ರ ಮೇ 18ರ ಕಾರ್ಡುಗಳು 115-112 ಮತ್ತು 114-113 ಉಸಿಕ್‌ಗೆ, 114-113 ಫ್ಯೂರಿಗೆ. ಮೂರರ ಮೊತ್ತವೂ 227. ಆ ಒಂದಂಕ ಹೋಗಿದ್ದು 9ನೇ ಸುತ್ತಲ್ಲಿ, ಫ್ಯೂರಿ ಹಗ್ಗದ ಮೇಲೆ ತೂರಾಡ್ತಿದ್ದಾಗ ರೆಫರಿ ಅದನ್ನ ಬಿದ್ದ ಲೆಕ್ಕಕ್ಕೆ ಹಿಡಿದು ಎಣಿಸಿದ್ದು. ಆ ಎಣಿಕೆ ಇಲ್ದೆ ಆ ಸುತ್ತು 10-9 ಆಗಿದ್ರೆ 115-113 ಉಸಿಕ್‌ಗೆ, 115-113 ಫ್ಯೂರಿಗೆ, ಇನ್ನೊಂದು 114-114. ಪಂದ್ಯ ಡ್ರಾ.

ಹಂಗಾಗಿ ಮೊದಲ ಪಂದ್ಯಕ್ಕೆ ಒಂದು ಗೆಲುವಿನ ಅಂಕ ಕೊಟ್ಟು ಸುಮ್ಮನಾಗಿ, ಭಾರ ಎಲ್ಲಾ ಎರಡನೇ ಪಂದ್ಯದ 116-112ರ ಮೇಲೆ ಹಾಕ್ರಿ. 2025ರ ಜುಲೈನಲ್ಲಿ ವೆಂಬ್ಲಿಯಲ್ಲಿ ಡುಬೊವಾನನ್ನ 5ನೇ ಸುತ್ತಿಗೆ ಮಲಗಿಸಿದ್ದನ್ನೂ ಸೇರಿಸ್ರಿ. ಇನೊಯೆ ಪರದವರಿಗೆ ಎರಡು ದಿನಾಂಕ ಕೊಡಿ: 2024ರ ಮೇ 6, ನೆರಿ ಎದುರು 1ನೇ ಸುತ್ತಲ್ಲಿ ಬಿದ್ದ. 2025ರ ಮೇ 4, ಕಾರ್ಡೆನಾಸ್ ಎದುರು 2ನೇ ಸುತ್ತಲ್ಲಿ ಬಿದ್ದ. ಎರಡೂ ಸಲ ಎದ್ದು ನಾಕೌಟ್ ಮಾಡಿದ, ಅದು ಅವನ ದೊಡ್ಡಸ್ತಿಕೆ. ಆದ್ರೆ ಎರಡೂ ಸಲ ಬೀಳಿಸಿದ್ದು ಎಡಗೈ ಹುಕ್, ಬಿದ್ದಿದ್ದು ಅವನೇ ಒಳಗೆ ನುಗ್ಗಿ ಏಟು ಬದಲಾಯಿಸ್ತಿದ್ದಾಗ. 126ಕ್ಕೆ ಏರಿದ್ರೆ ಅದೇ ಏಟು ಇನ್ನೂ ಭಾರವಾಗಿ ಬರುತ್ತೆ.