7 ಜನರ ಟೀಮು, 21 ಓಪನ್ ಟಿಕೆಟ್ಟು, ಮುಗಿಯೋದು ಮಾತ್ರ ಯಾವುದೂ ಇಲ್ಲ

ಪ್ರಶ್ನೆ:
ಮೇಡಂ, ಆರು ವರ್ಷ ಬರೀ ಕೋಡ್ ಬರೆದವನು ನಾನು. ನಾಲ್ಕು ತಿಂಗಳ ಹಿಂದೆ ನನ್ನನ್ನೇ ಟೀಮಿಗೆ ಮ್ಯಾನೇಜರ್ ಮಾಡಿದರು. 7 ಜನ ಎಂಜಿನಿಯರುಗಳಿದ್ದಾರೆ, ಯಾರೂ ಖಾಲಿ ಕೂತಿಲ್ಲ. ಆದರೂ ಬೋರ್ಡಿನಲ್ಲಿ 21 ಟಿಕೆಟ್ (ಒಂದೊಂದು ಕೆಲಸಕ್ಕೆ ಒಂದೊಂದು ಚೀಟಿ) ಓಪನ್ ಇವೆ, ವಾರಕ್ಕೆ ಮೂರೋ ನಾಲ್ಕೋ ಮುಗಿದರೆ ಹೆಚ್ಚು. ದಿನಾ ನಡೆಯುವ ಸ್ಟ್ಯಾಂಡ್‌ಅಪ್ ಮೀಟಿಂಗಿನಲ್ಲಿ ಕೇಳಿದರೆ "ಇನ್ನೇನು ಮುಗೀತು" ಅಂತಾರೆ, ಮರುದಿನವೂ ಅದೇ ಉತ್ತರ. ಕೊನೆಗೆ ಕಷ್ಟದ ಭಾಗವನ್ನೆಲ್ಲ ರಾತ್ರಿ ನಾನೇ ಕೂತು ಬರೆಯುತ್ತೇನೆ. ಎಲ್ಲಿ ಎಡವುತ್ತಿದ್ದೇನೆ?

ಉತ್ತರ:
ನೀವು ಕೊಟ್ಟ ಲೆಕ್ಕದಲ್ಲೇ ಉತ್ತರ ಇದೆ. 21 ಟಿಕೆಟ್ಟು, ವಾರಕ್ಕೆ ಸುಮಾರು 3.5. ಅಂದರೆ ಒಂದು ಟಿಕೆಟ್ ಶುರುವಾಗಿ ಮುಗಿಯಲು ಸರಾಸರಿ 6 ವಾರ. ಇದು ನನ್ನ ಅಂದಾಜಲ್ಲ, ಸರತಿ ಸಾಲುಗಳ ಬಗ್ಗೆ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರ. ನಿಮ್ಮವರು ಎಷ್ಟೇ ಚುರುಕಾಗಿದ್ದರೂ ಸಾಲು ಉದ್ದ ಇದ್ದರೆ ಕಾಯೋದು ತಪ್ಪೋದಿಲ್ಲ.

ಹಾಗಾಗಿ ಸಾಲನ್ನೇ ಗಿಡ್ಡ ಮಾಡಿ. ಒಂದು ಸಲಕ್ಕೆ 8ಕ್ಕಿಂತ ಜಾಸ್ತಿ ಓಪನ್ ಇರಬಾರದು ಅಂತ ಟೀಮಿನ ಜೊತೆ ಕೂತು ಒಪ್ಪಿಕೊಳ್ಳಿ. ಕೆಲಸ ಮುಗಿಸಿದವರು ಹೊಸ ಟಿಕೆಟ್ ಎತ್ತಿಕೊಳ್ಳುವ ಮೊದಲು ಬೇರೆಯವರ ಪಿಆರ್ (ಪುಲ್ ರಿಕ್ವೆಸ್ಟ್, ಅಂದರೆ ಸೇರಿಸುವ ಮೊದಲು ರಿವ್ಯೂಗೆ ಕೊಟ್ಟ ಕೋಡ್) ನೋಡಬೇಕು, ಇಲ್ಲವೇ ಸಿಕ್ಕಿಕೊಂಡವರ ಪಕ್ಕ ಕೂತು ಬಿಡಿಸಬೇಕು. ಮೊದಲೆರಡು ವಾರ ಕಿರಿಕಿರಿ ಆಗುತ್ತೆ, ಒಬ್ಬಿಬ್ಬರು ಸುಮ್ನೆ ಕೂತ ಹಾಗೂ ಕಾಣಬಹುದು, ಅದನ್ನು ನೋಡಿ ಗಾಬರಿಯಾಗಿ ಹೊಸ ಕೆಲಸ ಕೊಟ್ಟುಬಿಟ್ಟರೆ ಮತ್ತೆ 21ಕ್ಕೇ ಬರುತ್ತೀರಿ. ಪಿಆರ್‌ಗಳೂ ಚಿಕ್ಕದಿರಲಿ. ಸಾವಿರ ಸಾಲಿನ ಪಿಆರ್ ಬಂದರೆ ಎಲ್ಲರೂ "ನಾಳೆ ನೋಡೋಣ" ಅಂತಾರೆ. ನಾನೂ ಅಂದಿದ್ದೇನೆ.

ಇನ್ನು ರಾತ್ರಿಯ ಕೋಡಿಂಗ್. ಬೇಜಾರು ಮಾಡಿಕೊಳ್ಳಬೇಡಿ, ನಿಲ್ಲಿಸಿ. ಕಷ್ಟದ್ದೆಲ್ಲ ನೀವೇ ಮಾಡಿದರೆ ಉಳಿದವರು ಕಲಿಯೋದು ಯಾವಾಗ? ಮ್ಯಾನೇಜರ್ ಬರೆದ ಕೋಡಿನಲ್ಲಿ ತಪ್ಪು ಹಿಡಿಯಲು ಹೊಸಬರಿಗೆ ಧೈರ್ಯವೂ ಬರಲ್ಲ, ಅಲ್ವಾ? ಕೈ ತುರಿಸಿದರೆ ಟೆಸ್ಟ್ ಸ್ಕ್ರಿಪ್ಟೋ, ಯಾರೂ ಕಾಯದ ಹಳೇ ಬಗ್ಗೋ ತಗೊಳ್ಳಿ.

ಇನ್ನೊಬ್ಬ ಸದಸ್ಯರು:
ಇದರ ಜೊತೆ ಒಂದು ಎಚ್ಚರಿಕೆ. ನಮ್ಮಲ್ಲಿ ಯಾರು ಎಷ್ಟು ಸ್ಟೋರಿ ಪಾಯಿಂಟ್ (ಕೆಲಸ ಎಷ್ಟು ದೊಡ್ಡದು ಅಂತ ಟೀಮೇ ಹಾಕುವ ಅಂದಾಜು ಅಂಕ) ಮುಗಿಸಿದರು ಅಂತ ಪಟ್ಟಿ ಹಾಕಲು ಶುರು ಮಾಡಿದರು. ಎರಡೇ ಸ್ಪ್ರಿಂಟಿನಲ್ಲಿ (ಕೆಲವೇ ವಾರದ ಕೆಲಸದ ಸುತ್ತು) 3 ಪಾಯಿಂಟಿನ ಕೆಲಸ 5 ಆಯಿತು, 5 ಇದ್ದದ್ದು 8 ಆಯಿತು. ಕೆಲಸ ಮಾತ್ರ ಮೊದಲಿನಷ್ಟೇ.

ಪ್ರಶ್ನೆ ಕೇಳಿದವರು:
ಧನ್ಯವಾದ ಮೇಡಂ. ಆದರೆ ರಿಲೀಸಿಗೆ ಇನ್ನು 6 ವಾರ ಅಷ್ಟೇ ಇದೆ. ನಮ್ಮ ಬಾಸ್ ಇನ್ನಿಬ್ಬರನ್ನು ಕೊಡ್ತೀನಿ ಅಂತಿದ್ದಾರೆ. ತಗೊಳ್ಳಲಾ?

ಉತ್ತರ:
ಈ ರಿಲೀಸಿಗಂತೂ ಬೇಡ. 7 ಜನರಲ್ಲಿ ಒಬ್ಬರಿಗೊಬ್ಬರು ಮಾತಾಡುವ ಜೋಡಿಗಳು 21. 9 ಜನ ಆದರೆ 36. ಅದೂ ಹೋಗಲಿ, ಬಂದವರಿಗೆ ಕೋಡ್‌ಬೇಸ್ ಪರಿಚಯ ಮಾಡಿಸೋದು ಯಾರು? ನಿಮ್ಮ ಟೀಮಿನ ಒಳ್ಳೇ ಇಬ್ಬರೇ. ತಡವಾಗಿರುವ ಪ್ರಾಜೆಕ್ಟಿಗೆ ಜನ ಸೇರಿಸಿದರೆ ಇನ್ನೂ ತಡವಾಗುತ್ತೆ ಅಂತ ಐಬಿಎಂನ ಓಎಸ್/360 ಆಪರೇಟಿಂಗ್ ಸಿಸ್ಟಂ ಪ್ರಾಜೆಕ್ಟ್ ನಡೆಸಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿದ್ದರು.

ಬಾಸ್ ಹತ್ತಿರ "ಆಗಲ್ಲ" ಅನ್ನಬೇಡಿ. ಉಳಿದ ಕೆಲಸದ ಪಟ್ಟಿ ಹಿಡಿದು ಹೋಗಿ, "6 ವಾರದಲ್ಲಿ ಇಷ್ಟು ಖಂಡಿತ ಆಗುತ್ತೆ, ಉಳಿದದ್ದರಲ್ಲಿ ಯಾವುದನ್ನು ಮುಂದಿನ ರಿಲೀಸಿಗೆ ಹಾಕೋಣ?" ಅಂತ ಕೇಳಿ. ಆಯ್ಕೆ ಅವರದ್ದಾಗಲಿ. ಹೋಗುವ ಮೊದಲು 21ರಲ್ಲಿ ಯಾವುದು ಎಲ್ಲಿ ನಿಂತಿದೆ ಅಂತ ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರು:
ಈಗ ತಾನೇ ನೋಡಿದೆ. 9 ಟಿಕೆಟ್ ರಿವ್ಯೂಗೆ ಕಾಯುತ್ತಿವೆ. ಅದರಲ್ಲಿ 6 ನನ್ನ ಹೆಸರಿನಲ್ಲೇ ಇವೆ 😐

ಉತ್ತರ:
ಸರಿ, ನಾಳೆ ಬೆಳಿಗ್ಗೆ ಬೇರೆ ಮೀಟಿಂಗ್ ಇಟ್ಟುಕೊಳ್ಳಬೇಡಿ. ಎರಡನ್ನು ನೀವು ನೋಡಿ, ನಾಲ್ಕನ್ನು ಟೀಮಿನವರಿಗೆ ಹಂಚಿ.